ಸಾಕಿದ ಕಪ್ಪೆಗೆ ಚಳಿಗಾಲದ ನಿದ್ದೆ ಬೇಕಾ? ಮಲಗಿಸುವ ಮುಂಚೆ, ಮಲಗಿದಾಗ, ಎದ್ದ ಮೇಲೆ

ಚಳಿ ಶುರುವಾದ ಕೂಡಲೇ ಕಪ್ಪೆ ಸಾಕಿದವರಿಗೆ ಒಂದು ಗಾಬರಿಯೂ ಶುರುವಾಗುತ್ತದೆ. ಮೊನ್ನೆವರೆಗೆ ಹುಳು ಕಂಡರೆ ಸಾಕು ಎಗರುತ್ತಿದ್ದ ಕಪ್ಪೆ ಈಗ ಮೂಲೆ ಸೇರಿದೆ. ಊಟ ಮುಟ್ಟುತ್ತಿಲ್ಲ. ಮಣ್ಣಲ್ಲಿ ಅರ್ಧ ಹೂತುಕೊಂಡು ಕಣ್ಣು ಮುಚ್ಚಿ ಕೂತಿದೆ. ಇದು ಕಾಯಿಲೆಯಾ, ನಿದ್ದೆಯಾ? ಎಬ್ಬಿಸಬೇಕಾ, ಬಿಡಬೇಕಾ?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸಾಕುವ ಹೆಚ್ಚಿನ ಕಪ್ಪೆಗಳಿಗೆ ಚಳಿಗಾಲದ ನಿದ್ದೆ ಬೇಕೇ ಇಲ್ಲ. ಬೇಕಾದ ಜಾತಿಗಳಿಗೂ ಸರಿಯಾದ ತಯಾರಿ ಇಲ್ಲದೆ ತಂಪು ಕೊಟ್ಟರೆ ಅವು ಸಾಯುತ್ತವೆ. ಹಾಗಾಗಿ ಫ್ರಿಜ್, ಪೆಟ್ಟಿಗೆ, ಪಾಚಿ ಅಂತ ಹೊರಡುವ ಮುಂಚೆ ನಿಮ್ಮ ಹತ್ತಿರ ಇರುವುದು ಯಾವ ಕಪ್ಪೆ, ಅದರ ಆರೋಗ್ಯ ಹೇಗಿದೆ ಅನ್ನುವ ಎರಡು ಪ್ರಶ್ನೆಗೆ ಉತ್ತರ ಸಿಗಬೇಕು.

ಮೊದಲು ಜಾತಿ ಗೊತ್ತುಮಾಡಿಕೊಳ್ಳಿ

ಕಪ್ಪೆಯ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಸುತ್ತಲಿನ ಗಾಳಿ, ನೀರು, ಮಣ್ಣು ಎಷ್ಟು ಬೆಚ್ಚಗಿದೆಯೋ ಅದೂ ಸುಮಾರು ಅಷ್ಟೇ ಬೆಚ್ಚಗಿರುತ್ತದೆ. ಆದ್ದರಿಂದ ಅದರ ಪೂರ್ವಜರು ಯಾವ ಹವೆಯಲ್ಲಿ ಬದುಕಿದ್ದರು ಅನ್ನುವುದೇ ಇಲ್ಲಿ ಮುಖ್ಯ.

ವೈಟ್ಸ್ ಮರಗಪ್ಪೆ, ಕೆಂಗಣ್ಣಿನ ಮರಗಪ್ಪೆ, ಬಣ್ಣಬಣ್ಣದ ಡಾರ್ಟ್ ಕಪ್ಪೆಗಳು, ಅಗಲ ಬಾಯಿಯ ಪ್ಯಾಕ್‌ಮನ್ ಕಪ್ಪೆ, ಆಫ್ರಿಕದ ಕುಬ್ಜ ಕಪ್ಪೆ ಇವೆಲ್ಲ ಬೆಚ್ಚನೆ ಪ್ರದೇಶದವು. ಇವನ್ನು 5 ಡಿಗ್ರಿಗೆ ಇಳಿಸಿದರೆ ನಿದ್ದೆ ಬರುವುದಿಲ್ಲ, ಜೀವ ಹೋಗುತ್ತದೆ. ಚಳಿಗಾಲದಲ್ಲಿ ಇವು ಮಂಕಾದರೆ ಮನೆ ತಣ್ಣಗಾಗಿದೆ ಅಂತ ಅರ್ಥ. ಬಿಸಿ ಕೊಡಿ. ಪ್ಯಾಕ್‌ಮನ್ ಕಪ್ಪೆಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಆಫ್ರಿಕದ ಕುಬ್ಜ ಕಪ್ಪೆಯ ನೀರು 22ರಿಂದ 26ರ ಒಳಗಿರಲಿ.

ಬೆಂಕಿಹೊಟ್ಟೆ ನೆಲಗಪ್ಪೆ, ಯುರೋಪಿನ ಸಾಮಾನ್ಯ ಕಪ್ಪೆ, ಅಮೆರಿಕನ್ ನೆಲಗಪ್ಪೆ, ಲೆಪರ್ಡ್ ಕಪ್ಪೆ, ಬೂದು ಮರಗಪ್ಪೆ ಇವು ಹಿಮ ಬೀಳುವ ಕಡೆಯವು. ಇವುಗಳ ಮೈಗೆ ಚಳಿಗಾಲದ ನಿದ್ದೆ ಗೊತ್ತು. ಆದರೂ ಮನೆಯಲ್ಲಿ ಬೆಚ್ಚಗಿಟ್ಟು ಹೊಟ್ಟೆಗೆ ಹಾಕುತ್ತಾ ಹೋದರೆ ವರ್ಷಪೂರ್ತಿ ಎಚ್ಚರವಾಗಿಯೇ ಇರುತ್ತವೆ, ಚೆನ್ನಾಗಿಯೇ ಬಾಳುತ್ತವೆ. ನಿದ್ದೆ ನಿಜವಾಗಿ ಬೇಕಾಗುವುದು ಮರಿ ಮಾಡಿಸಬೇಕು ಅಂದಾಗ. ತಂಪಿನ ಕಾಲ ಮುಗಿದು ಬಿಸಿ, ಮಳೆ, ಉದ್ದ ಹಗಲು ಬಂದರೆ ಗಂಡು ಕೂಗಲು ಶುರುಮಾಡುತ್ತದೆ, ಹೆಣ್ಣು ಮೊಟ್ಟೆಗೆ ತಯಾರಾಗುತ್ತದೆ.

ಮರಿ ಮಾಡಿಸುವ ಆಲೋಚನೆ ಇಲ್ಲ, ಕಪ್ಪೆ ಸಾಕಿ ಇನ್ನೂ ಒಂದು ವರ್ಷವೂ ಆಗಿಲ್ಲ ಅನ್ನುವವರಿಗೆ ನನ್ನ ಸಲಹೆ ಒಂದೇ: ಈ ಸಲ ಬೇಡ. ಬಿಸಿ ಕೊಟ್ಟು, ತಿನ್ನಿಸಿ, ಚಳಿಗಾಲ ದಾಟಿಸಿ. ಗೊದಮೊಟ್ಟೆಯಿಂದ ಆಗಷ್ಟೇ ಕಪ್ಪೆಯಾದ ಮರಿಗಳನ್ನಂತೂ ಮೊದಲ ಚಳಿಗಾಲ ಮಲಗಿಸಲೇಬೇಡಿ. ತಿಂಗಳುಗಟ್ಟಲೆ ಉಪವಾಸ ಇರುವಷ್ಟು ಕೊಬ್ಬು ಅವುಗಳ ಮೈಯಲ್ಲಿ ಇರುವುದಿಲ್ಲ.

ಕಾಡಿನಲ್ಲಿ ಅವು ಏನು ಮಾಡುತ್ತವೆ

ಇದು ಗೊತ್ತಿದ್ದರೆ ಮನೆಯಲ್ಲಿ ಏನು ಒದಗಿಸಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಅಮೆರಿಕನ್ ನೆಲಗಪ್ಪೆ ಹಿಂಗಾಲಿನಿಂದ ಮಣ್ಣು ಕೆದರುತ್ತಾ ಹಿಂದಕ್ಕೆ ಇಳಿಯುತ್ತದೆ. ನೆಲ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಹೋಗಿ ಕೂರುತ್ತದೆ. ಲೆಪರ್ಡ್ ಕಪ್ಪೆ ಕೆರೆಯ ತಳಕ್ಕೆ ಇಳಿಯುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಹಾಗಾಗಿ ಮೇಲೆ ಮಂಜುಗಡ್ಡೆ ಕಟ್ಟಿದ್ದರೂ ಆಳದ ಕೆರೆಯ ತಳ ಹೆಪ್ಪುಗಟ್ಟುವುದಿಲ್ಲ. ತಣ್ಣೀರಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತದೆ, ಕಪ್ಪೆ ಅದನ್ನು ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಅದು ಕೆಸರಿನ ಆಳದಲ್ಲಿ ಹೂತು ಹೋಗುವುದಿಲ್ಲ. ಹೋದರೆ ಉಸಿರಿಗೆ ಆಮ್ಲಜನಕ ಸಿಗುವುದಿಲ್ಲ.

ಉತ್ತರ ಅಮೆರಿಕದ ವುಡ್ ಕಪ್ಪೆಯದ್ದು ಬೇರೆಯೇ ದಾರಿ. ಅದು ತರಗೆಲೆ ಕೆಳಗೆ ಮಲಗಿ ನಿಜವಾಗಿಯೂ ಹೆಪ್ಪುಗಟ್ಟುತ್ತದೆ. ಮೈಯ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಮಂಜಾಗುತ್ತದೆ, ಎದೆಬಡಿತ ನಿಲ್ಲುತ್ತದೆ. ಪಿತ್ತಜನಕಾಂಗ ರಕ್ತಕ್ಕೆ ಸುರಿಯುವ ಗ್ಲೂಕೋಸ್ ಜೀವಕೋಶಗಳನ್ನು ಕಾಪಾಡುತ್ತದೆ. ವಸಂತದಲ್ಲಿ ಕರಗಿ ಎದ್ದು ಹೋಗುತ್ತದೆ. ಬೂದು ಮರಗಪ್ಪೆಗೂ ಈ ಶಕ್ತಿ ಇದೆ. ಆದರೆ ಇದನ್ನು ಓದಿ ಯಾರೂ ಮನೆಯಲ್ಲಿ ಕಪ್ಪೆಯನ್ನು ಫ್ರೀಜರ್‌ನಲ್ಲಿ ಇಡಬೇಡಿ. ಕಾಡಿನಲ್ಲಿ ಆ ತಯಾರಿ ವಾರಗಳಿಂದ ನಡೆದಿರುತ್ತದೆ, ಅಲ್ಲೂ ಎಲ್ಲ ಕಪ್ಪೆಗಳೂ ಬದುಕುಳಿಯುವುದಿಲ್ಲ.

ಅರೆತಂಪು ಅನ್ನುವ ಅಪಾಯ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚಳಿದೇಶದ ಕಪ್ಪೆಗೆ 5 ಡಿಗ್ರಿ ಅಪಾಯವಲ್ಲ, 20 ಡಿಗ್ರಿಯೂ ಅಪಾಯವಲ್ಲ. ತೊಂದರೆ ಇರುವುದು ನಡುವೆ, 10ರಿಂದ 15 ಡಿಗ್ರಿಯಲ್ಲಿ ವಾರಗಟ್ಟಲೆ ಕೂತಾಗ. ಗಾಢ ನಿದ್ದೆಗೆ ಅದು ಸಾಲದಷ್ಟು ತಂಪು, ಜೀರ್ಣಕ್ಕೆ ಸಾಲದಷ್ಟು ಬಿಸಿ. ಮೈಯೊಳಗಿನ ಕೆಲಸ ನಿಧಾನವಾಗಿ ನಡೆಯುತ್ತಲೇ ಇರುತ್ತದೆ, ಕೊಬ್ಬು ಕರಗುತ್ತಲೇ ಇರುತ್ತದೆ, ಹೊಟ್ಟೆಗೆ ಮಾತ್ರ ಏನೂ ಬೀಳುವುದಿಲ್ಲ. ಪಾಪ ಅಂತ ನೀವು ಒಂದು ಹುಳು ಕೊಟ್ಟರೆ ಅದು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಕಪ್ಪೆಯ ರೋಗನಿರೋಧಕ ಶಕ್ತಿಯೂ ತಂಪಲ್ಲಿ ಕುಗ್ಗಿರುತ್ತದೆ. ಬಿಸಿ ಇಲ್ಲದ ಕೋಣೆಯಲ್ಲೋ, ಮುಚ್ಚಿದ ವರಾಂಡದಲ್ಲೋ ತೊಟ್ಟಿ ಇಟ್ಟು 'ಅದೇ ಮಲಗುತ್ತೆ ಬಿಡು' ಅಂದುಕೊಂಡವರ ಕಪ್ಪೆಗಳು ಚಳಿಗಾಲದ ಕೊನೆಗೆ ಎಲುಬಾಗಿ ಸಾಯುವುದು ಹೀಗೆ.

ಮಲಗಿಸುವುದಾದರೆ ಪೂರ್ತಿ ಮಲಗಿಸಿ. ಇಲ್ಲದಿದ್ದರೆ ಪೂರ್ತಿ ಬೆಚ್ಚಗಿಡಿ.

ತಂಪಿಗೆ ಎರಡು ತಿಂಗಳ ಮುಂಚೆ: ಆರೋಗ್ಯ ತಪಾಸಣೆ

ಸಣ್ಣ ಕಾಯಿಲೆ ಇರುವ ಕಪ್ಪೆ ತಂಪಲ್ಲಿ ಗುಣವಾಗುವುದಿಲ್ಲ. ಅಲ್ಲಿ ಅದು ದೊಡ್ಡ ಕಾಯಿಲೆಯಾಗುತ್ತದೆ. ಆದ್ದರಿಂದ ಎರಡು ತಿಂಗಳ ಮುಂಚೆಯೇ ಕೂತು ನಿಧಾನವಾಗಿ ನೋಡಿ. ಕೈಗೆ ತೆಗೆದುಕೊಳ್ಳುವಾಗ ಪುಡಿ ಇಲ್ಲದ ಗ್ಲೌಸ್ ಹಾಕಿ, ಕ್ಲೋರಿನ್ ಇಲ್ಲದ ನೀರಲ್ಲಿ ಅದ್ದಿಕೊಳ್ಳಿ. ಒಣ ಕೈಯಿಂದ ಹಿಡಿದರೆ ಚರ್ಮದ ಲೋಳೆ ಉಜ್ಜಿ ಹೋಗುತ್ತದೆ. ನಮ್ಮ ಕೈಯ ಸೋಪು, ಕ್ರೀಮು ನೇರ ಅದರ ಮೈಯೊಳಗೆ ಹೋಗುತ್ತದೆ.

ಹೊಟ್ಟೆ, ತೊಡೆಯ ಒಳಭಾಗ ನೋಡಿ. ಅಲ್ಲಿ ಕೆಂಪು ಹರಡಿದ್ದರೆ ಅದು ಬ್ಯಾಕ್ಟೀರಿಯಾ ಸೋಂಕಿನ ಗುರುತು. ಇದನ್ನು ಕೆಂಪುಕಾಲಿನ ರೋಗ ಅನ್ನುತ್ತಾರೆ. ಏರೋಮೊನಾಸ್ ಥರದ ಬ್ಯಾಕ್ಟೀರಿಯಾ ಇದಕ್ಕೆ ಕಾರಣ, ಕೊಳಕು ನೀರು ಇದಕ್ಕೆ ದಾರಿ. ಮನೆಮದ್ದಿನಿಂದ ಹೋಗುವುದಿಲ್ಲ, ವೈದ್ಯರು ಆಂಟಿಬಯೋಟಿಕ್ ಕೊಡಬೇಕು.

ಚರ್ಮ ಮತ್ತೆ ಮತ್ತೆ ಸುಲಿಯುತ್ತಿದ್ದರೆ, ಪೊರೆ ಮೈಗೆ ಚೂರುಚೂರಾಗಿ ಅಂಟಿಕೊಂಡಿದ್ದರೆ, ಕಪ್ಪೆ ಕಾಲು ಚಾಚಿ ಸುಮ್ನೆ ಕೂತಿದ್ದರೆ ಕೈಟ್ರಿಡ್ ಶಿಲೀಂಧ್ರದ ಅನುಮಾನ ಪಡಬೇಕು. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 1999ರಲ್ಲಿ. ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಇದು ಅಳಿವಿನ ಅಂಚಿಗೆ ತಂದಿದೆ. ಕಪ್ಪೆ ಚರ್ಮದ ಮೂಲಕವೇ ನೀರು, ಲವಣಗಳನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ. ಶಿಲೀಂಧ್ರ ಆ ಕೆಲಸವನ್ನೇ ಕೆಡಿಸುತ್ತದೆ, ಕೊನೆಗೆ ಎದೆಬಡಿತ ನಿಲ್ಲುತ್ತದೆ. 17ರಿಂದ 25 ಡಿಗ್ರಿಯಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ, ಅದಕ್ಕಿಂತ ತಂಪಲ್ಲೂ ಸಾಯುವುದಿಲ್ಲ. ಚರ್ಮಕ್ಕೆ ಹತ್ತಿಕಡ್ಡಿ ಸವರಿ ಲ್ಯಾಬಿಗೆ ಕಳಿಸಿದರೆ ಖಚಿತವಾಗುತ್ತದೆ. ಸಮಯಕ್ಕೆ ಗೊತ್ತಾದರೆ ಔಷಧಿ ಇದೆ. ಹೊಸ ಕಪ್ಪೆ ತಂದರೆ ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಪಾತ್ರೆ ಪದಾರ್ಥಗಳೊಂದಿಗೆ ಇಡಬೇಕು ಅನ್ನುವುದು ಇದಕ್ಕೇ.

ಕೆಳದವಡೆ ಬಾಗಿದೆಯಾ? ಕಾಲು ಸೊಟ್ಟಗಿದೆಯಾ? ಬೆರಳು ಅದುರುತ್ತವೆಯಾ? ಇದು ಮೂಳೆ ಮೆತ್ತಗಾಗುವ ಕಾಯಿಲೆ, ಸಾಕು ಕಪ್ಪೆಗಳಲ್ಲಿ ತುಂಬಾ ಸಾಮಾನ್ಯ. ಚಿಮ್ಮಂಡೆಯಂಥ ಹುಳುಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದಕ್ಕೇ ಹುಳುವಿಗೆ ಕ್ಯಾಲ್ಸಿಯಂ ಮತ್ತು ಡಿ3 ವಿಟಮಿನ್ ಪುಡಿ ಹಚ್ಚಿ ಕೊಡಬೇಕು. ಎರೆಹುಳು ಈ ವಿಷಯದಲ್ಲಿ ವಾಸಿ. ಕಪ್ಪೆ ನಾಲಿಗೆ ಚಾಚುತ್ತದೆ, ಆದರೆ ಹುಳು ಅಂಟಿ ಬರುತ್ತಿಲ್ಲ ಅಂದರೆ ಎ ವಿಟಮಿನ್ ಕೊರತೆ ಇರಬಹುದು. ಹಸಿವಿದ್ದೂ ಗುರಿ ತಪ್ಪುತ್ತಿರುವ ಕಪ್ಪೆಯನ್ನು ನಾಲ್ಕೈದು ಸಲ ಗಮನಿಸಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಸುಲಭ ಪರೀಕ್ಷೆ. ಒದ್ದೆ ಬಟ್ಟೆ ಹಾಸಿ, ಕಪ್ಪೆಯನ್ನು ಮೆಲ್ಲಗೆ ಬೆನ್ನ ಮೇಲೆ ಮಲಗಿಸಿ. ಆರೋಗ್ಯವಾಗಿದ್ದರೆ ತಕ್ಷಣ ಮಗುಚಿಕೊಂಡು ಕೂರುತ್ತದೆ. ಕಾಲು ಆಡಿಸುತ್ತಾ ಹಾಗೇ ಬಿದ್ದಿದ್ದರೆ ಅದನ್ನು ಮಲಗಿಸುವ ಮಾತೇ ಬೇಡ. ಬೆಂಕಿಹೊಟ್ಟೆ ನೆಲಗಪ್ಪೆ ಮಾತ್ರ ಹೆದರಿದಾಗ ಮೈ ಬಾಗಿಸಿ ಹೊಟ್ಟೆಯ ಬಣ್ಣ ತೋರಿಸುತ್ತಾ ಅಲುಗದೆ ಬಿದ್ದಿರುವುದುಂಟು. ಅದಕ್ಕೆ ಸ್ವಲ್ಪ ಹೊತ್ತು ಕೊಡಿ.

ಹಿಕ್ಕೆಯನ್ನು ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿ. ಹೊಟ್ಟೆಹುಳು ಜಾಸ್ತಿ ಇದ್ದರೆ ಮೊದಲು ಅದಕ್ಕೆ ಔಷಧಿ ಆಗಲಿ. ತೂಕ ಬರೆದಿಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಕಪ್ಪೆ ತನ್ನ ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಹಿಡಿದಾಗ ಅದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಒಂದೇ ತೂಕ ನಂಬಬೇಡಿ. ಬೇರೆ ಬೇರೆ ದಿನ ಎರಡು ಮೂರು ಸಲ ತೂಗಿ ನೋಡಿ.

ನೀರಿನ ಬಗ್ಗೆ ಎರಡು ಮಾತು

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆ, ತೊಡೆಯ ಕೆಳಗಿನ ಚರ್ಮದಿಂದ ಹೀರಿಕೊಳ್ಳುತ್ತದೆ. ನೀರಲ್ಲಿ ಏನಿದ್ದರೂ ಅದು ಮೈಗೆ ಸೇರುತ್ತದೆ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕೆಲವು ಕಡೆ ಕ್ಲೋರಿನ್ ಬದಲು ನೀರಿಗೆ ಬೆರೆಸುವ ಕ್ಲೋರಮೈನ್ ಹೋಗುವುದಿಲ್ಲ. ಅದಕ್ಕೆ ಅಕ್ವೇರಿಯಂ ನೀರು ಶುದ್ಧ ಮಾಡುವ ದ್ರಾವಣ ಹಾಕಬೇಕು. ಕಪ್ಪೆಯ ಹಿಕ್ಕೆಯಿಂದ ಅಮೋನಿಯಾ ಕೂಡಿದ ನೀರಲ್ಲಿ ಕೂತ ಕಪ್ಪೆ ಇದ್ದಕ್ಕಿದ್ದಂತೆ ಕಾಲು ಸೆಟೆದು ಒದ್ದಾಡುವುದುಂಟು. ಆಗ ತಕ್ಷಣ ಶುದ್ಧ ನೀರಿನ ಪಾತ್ರೆಗೆ ಹಾಕಿ. ನೀರು ಆಳ ಇರಬಾರದು, ಮೂಗು ಮೇಲಿರಬೇಕು. ಆಗಾಗ ನೀರು ಬದಲಿಸಿ.

ನಿಮ್ಮ ಕೈಯ ಬಗ್ಗೆಯೂ ಎಚ್ಚರ ಇರಲಿ. ಕಪ್ಪೆಗಳಲ್ಲಿ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. 2009ರಿಂದ 2011ರ ನಡುವೆ ಅಮೆರಿಕದಲ್ಲಿ ಆಫ್ರಿಕನ್ ಕುಬ್ಜ ಕಪ್ಪೆಗಳಿಂದ ಬಹಳ ಜನರಿಗೆ ಸೋಂಕು ತಗುಲಿತ್ತು, ಅವರಲ್ಲಿ ಮಕ್ಕಳೇ ಜಾಸ್ತಿ. ತೊಟ್ಟಿ ಮುಟ್ಟಿದ ಮೇಲೆ ಕೈ ತೊಳೆಯಿರಿ. ತೊಟ್ಟಿಯ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ.

ಮಲಗಿಸುವ ಕ್ರಮ

ಮೊದಲ ಹೆಜ್ಜೆ ಹೊಟ್ಟೆ ಖಾಲಿ ಮಾಡಿಸುವುದು. ತಂಪು ಶುರುಮಾಡುವ ಎರಡು ವಾರ ಮುಂಚೆ ಊಟ ನಿಲ್ಲಿಸಿ. ಆದರೆ ಬಿಸಿ ಹಾಗೇ ಇರಲಿ. ಬಿಸಿ ಇದ್ದರೆ ತಾನೇ ಹೊಟ್ಟೆಯಲ್ಲಿರುವುದು ಅರಗಿ ಹೊರಗೆ ಬರುವುದು? ಊಟ ನಿಲ್ಲಿಸಿದ ದಿನವೇ ತಂಪನ್ನೂ ಶುರುಮಾಡುವುದು ತುಂಬಾ ಜನ ಮಾಡುವ ತಪ್ಪು. ದಿನಾ ತಟ್ಟೆಯ ನೀರಲ್ಲಿ ಕೂರಲು ಬಿಡಿ, ಹಿಕ್ಕೆ ಹಾಕಿತಾ ನೋಡಿ.

ಆಮೇಲೆ ಇಳಿಕೆ. ಮೊದಲ ವಾರ ಬಿಸಿದೀಪ ಆರಿಸಿ, ಹಗಲು ಬೆಳಕನ್ನು 12 ಗಂಟೆಯಿಂದ ಮೆಲ್ಲಗೆ 8 ಗಂಟೆಗೆ ತನ್ನಿ. ತೊಟ್ಟಿ 17, 18 ಡಿಗ್ರಿಗೆ ಬರಲಿ. ಎರಡನೇ ವಾರ 12ರ ಹತ್ತಿರ. ಮೂರನೇ ವಾರ 8ಕ್ಕೆ ಇಳಿಸಿ, ಅಲ್ಲಿಂದ 5ಕ್ಕೆ. ಹೊಟ್ಟೆ ಖಾಲಿ ಇದ್ದರೆ ನಡುವಿನ ಅರೆತಂಪನ್ನು ಹೀಗೆ ದಾಟುವುದರಲ್ಲಿ ತೊಂದರೆ ಇಲ್ಲ. ಅಲ್ಲೇ ನಿಲ್ಲಬಾರದು, ಅಷ್ಟೇ.

ಕೊನೆಯ ತಂಪಿಗೆ ಕಪ್ಪೆಯನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡುತ್ತಾರೆ. ಪೆಟ್ಟಿಗೆಗೆ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ ಸಾಕು, ಗಾಳಿಗೆ ಸಣ್ಣ ತೂತುಗಳಿರಲಿ. ತಳದಲ್ಲಿ ಗೊಬ್ಬರ, ಔಷಧಿ ಏನೂ ಸೇರದ ಮಣ್ಣು ಅಥವಾ ತೆಂಗಿನ ನಾರಿನ ಪುಡಿಯನ್ನು ಒಂದು ಗೇಣು ಹಾಕಿ, ಮೇಲೆ ಸ್ಫ್ಯಾಗ್ನಮ್ ಪಾಚಿ, ತರಗೆಲೆ ಹಾಸಿ. ಒದ್ದೆಯ ಹದ ಹೀಗಿರಬೇಕು: ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ನೀರು ಸುರಿದರೆ ಜಾಸ್ತಿ ಒದ್ದೆ, ಸೋಂಕು ಬರುತ್ತದೆ. ಹನಿಯೇ ಬರದಿದ್ದರೆ ಒಣಗಿದೆ ಅಂತ. ಒಣಗುವುದು ಇನ್ನೂ ಬೇಗ ಕೊಲ್ಲುತ್ತದೆ.

ಇದು ನೆಲದಲ್ಲಿ ಮಲಗುವ ಕಪ್ಪೆಗಳ ಮಾತಾಯಿತು. ಲೆಪರ್ಡ್ ಕಪ್ಪೆಯಂಥ ನೀರಲ್ಲಿ ಮಲಗುವ ಜಾತಿಗೆ ಕ್ಲೋರಿನ್ ತೆಗೆದ, ಆಳವಿಲ್ಲದ ತಣ್ಣೀರು ಬೇಕು. ವಾರಕ್ಕೊಮ್ಮೆ ಬದಲಿಸಬೇಕು, ಹೊಸ ನೀರೂ ಅಷ್ಟೇ ತಣ್ಣಗಿರಬೇಕು.

ಫ್ರಿಜ್ ಬೇರೆಯದೇ ಇದ್ದರೆ ಒಳ್ಳೆಯದು. ಅಡುಗೆಯ ಫ್ರಿಜ್ ದಿನಕ್ಕೆ ಹತ್ತಾರು ಸಲ ತೆಗೆದು ಮುಚ್ಚುತ್ತದೆ, ಅಲ್ಲಿ ಆಹಾರವೂ ಇರುತ್ತದೆ. ಕಪ್ಪೆ ಇಡುವ ಒಂದು ವಾರ ಮುಂಚೆಯೇ ಈ ಬೇರೆ ಫ್ರಿಜ್ ಚಾಲೂ ಮಾಡಿಡಿ. ಅತಿ ಕಡಿಮೆ, ಅತಿ ಹೆಚ್ಚು ತಾಪಮಾನ ಎರಡನ್ನೂ ನೆನಪಿಡುವ ಥರ್ಮಾಮೀಟರನ್ನು ಪೆಟ್ಟಿಗೆ ಇಡುವ ಜಾಗದಲ್ಲೇ ಇಟ್ಟು ನೋಡಿ. ಫ್ರಿಜ್‌ನ ಗುಂಡಿಯಲ್ಲಿ ಬರೆದಿರುವ ಸಂಖ್ಯೆ ನಂಬಬೇಡಿ. 4ರಿಂದ 7 ಡಿಗ್ರಿ ನಡುವೆ ಆಡುತ್ತಿದ್ದರೆ ಸರಿ. 2ಕ್ಕಿಂತ ಕೆಳಗೆ ಹೋಗಲೇಬಾರದು. ಒಳಗೆ ನಾಲ್ಕೈದು ನೀರು ತುಂಬಿದ ಬಾಟಲಿ ಇಟ್ಟರೆ ತಾಪಮಾನ ಅಷ್ಟಾಗಿ ಏರಿಳಿಯುವುದಿಲ್ಲ. ಪೆಟ್ಟಿಗೆ ಹಿಂದಿನ ಗೋಡೆಗೆ ತಾಗಬಾರದು, ಅಲ್ಲಿ ಮಂಜು ಕಟ್ಟುತ್ತದೆ.

ಎಷ್ಟು ದಿನ? ಕಾಡಿನಲ್ಲಿ ಆರು ತಿಂಗಳು ಮಲಗುವ ಕಪ್ಪೆಗೂ ಮನೆಯಲ್ಲಿ 6ರಿಂದ 10 ವಾರ ಸಾಕು. ಮೊದಲ ಸಲವಾದರೆ 6 ವಾರಕ್ಕೇ ನಿಲ್ಲಿಸಿ.

ಮಲಗಿರುವಾಗ

ವಾರಕ್ಕೊಮ್ಮೆ ನೋಡಿದರೆ ಸಾಕು. ಫ್ರಿಜ್ ಬಾಗಿಲು ಒಂದೆರಡು ನಿಮಿಷ ತೆರೆದು ಹಳೆ ಗಾಳಿ ಹೋಗಿ ಹೊಸದು ಬರಲು ಬಿಡಿ. ಪಾಚಿಯ ಒದ್ದೆ ನೋಡಿ. ಎರಡು ವಾರಕ್ಕೊಮ್ಮೆ ಬೇಗ ತೂಗಿ ಮತ್ತೆ ಇಟ್ಟುಬಿಡಿ. ಸರಿಯಾದ ತಂಪಲ್ಲಿ ತೂಕ ಅಷ್ಟಾಗಿ ಇಳಿಯುವುದಿಲ್ಲ. ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ನಾನು ಎಬ್ಬಿಸು ಅನ್ನುತ್ತೇನೆ. ಹೊಟ್ಟೆ ಕೆಂಪಾಗಿದ್ದರೆ, ಮೈ ಊದಿದ್ದರೆ, ಪಾಚಿ ಬಿಟ್ಟು ಮೇಲೆ ಬಂದು ಓಡಾಡುತ್ತಿದ್ದರೆ ಆಗಲೂ ಎಬ್ಬಿಸಬೇಕು.

ಮಲಗಿದ ಕಪ್ಪೆ ನೋಡಿದರೆ ಸತ್ತೇಹೋಗಿದೆ ಅನ್ನಿಸುತ್ತದೆ. ಗಂಟಲು ಮಿಡಿಯುವುದಿಲ್ಲ, ಕಣ್ಣು ಒಳಕ್ಕೆ ಹೋಗಿರುತ್ತದೆ, ಬಣ್ಣ ಕಂದಿರುತ್ತದೆ. ಗಾಬರಿಯಾಗಿ ಬಿಸಾಡಬೇಡಿ. ಕೈಕಾಲು ಮೈಗೆ ಒತ್ತಿಕೊಂಡು ಕೂತ ಭಂಗಿಯಲ್ಲೇ ಇದ್ದರೆ ಬದುಕಿದೆ. ಜೋಲು ಬಿದ್ದು, ವಾಸನೆ ಬಂದರೆ ಮುಗಿಯಿತು. ಅನುಮಾನ ಇದ್ದರೆ ಒಂದು ದಿನ 10, 12 ಡಿಗ್ರಿಯಲ್ಲಿ ಇಟ್ಟು ಕಾದು ನೋಡಿ.

ಎಬ್ಬಿಸುವುದು

ಇಳಿದ ದಾರಿಯಲ್ಲೇ ಹತ್ತಿಸಿ, ಆದರೆ ಸ್ವಲ್ಪ ಬೇಗ. ಒಂದು ವಾರದಿಂದ ಹತ್ತು ದಿನದಲ್ಲಿ 5ರಿಂದ 18, 20 ಡಿಗ್ರಿಗೆ ತನ್ನಿ. ಪೆಟ್ಟಿಗೆಯನ್ನು ನೇರ ಬಿಸಿದೀಪದ ಕೆಳಗೆ ಇಡಬೇಡಿ.

ಎದ್ದ ಕಪ್ಪೆಗೆ ಮೊದಲು ಬೇಕಾದ್ದು ನೀರು. ಆಳವಿಲ್ಲದ ತಟ್ಟೆಯಲ್ಲಿ ಕೋಣೆಯ ತಾಪಮಾನದ ನೀರಿಟ್ಟರೆ ಅದೇ ಹೋಗಿ ಹೊಟ್ಟೆ ಒತ್ತಿ ಕೂರುತ್ತದೆ. ಒಂದೆರಡು ಗಂಟೆಯಲ್ಲಿ ಸುಕ್ಕಿದ ಪಕ್ಕೆ ತುಂಬಿಕೊಳ್ಳುತ್ತದೆ, ಕಣ್ಣು ಮೇಲೆ ಬರುತ್ತದೆ, ಗಂಟಲು ಮಿಡಿಯಲು ಶುರುವಾಗುತ್ತದೆ. ಹಳೆ ಪೊರೆ ಕಳಚಿ ಬಾಯಿಗೆ ತುರುಕಿಕೊಂಡು ನುಂಗಿದರೆ ಹೆದರಬೇಡಿ, ಕಪ್ಪೆ ತನ್ನ ಪೊರೆಯನ್ನು ತಾನೇ ತಿನ್ನುತ್ತದೆ. ಊಟ ಕೊಡುವುದು ಪೂರ್ತಿ ಬೆಚ್ಚಗಾಗಿ ಮೂರು ನಾಲ್ಕು ದಿನ ಆದ ಮೇಲೆ. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಸಣ್ಣದಾದ, ಮೆತ್ತನೆ ಹುಳು ಒಂದು. ಹಿಕ್ಕೆ ಬಂದ ಮೇಲೆ ಇನ್ನಷ್ಟು. ಎರಡು ವಾರವಾದರೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ.

ಎದ್ದ ಮೊದಲ ವಾರಗಳು ತುಂಬಾ ನಾಜೂಕು. ಮೈ ಬೆಚ್ಚಗಾದ ಕೂಡಲೇ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಕಪ್ಪೆಯ ರಕ್ಷಣೆ ಅಷ್ಟು ಬೇಗ ಏಳುವುದಿಲ್ಲ. ಆ ದಿನಗಳಲ್ಲಿ ದಿನಾ ನೀರು ಬದಲಿಸಿ, ಹೊಟ್ಟೆಯ ಬಣ್ಣ ನೋಡುತ್ತಿರಿ.

ಪ್ಯಾಕ್‌ಮನ್ ಕಪ್ಪೆ ಹೂತುಕೊಂಡರೆ

ಇದು ಬೇರೆ ಕಥೆ. ಪ್ಯಾಕ್‌ಮನ್ ಕಪ್ಪೆ, ಆಫ್ರಿಕನ್ ಬುಲ್‌ಫ್ರಾಗ್ ಇವು ಮಲಗುವುದು ಒಣಗಾಲಕ್ಕೆ. ಮಣ್ಣು ಒಣಗಿದರೆ ಇವು ಒಳಗೆ ಹೂತುಕೊಂಡು, ಪೊರೆಯ ಮೇಲೆ ಪೊರೆ ಬಿಟ್ಟು ಮೈ ಸುತ್ತ ಕವಚ ಕಟ್ಟಿಕೊಳ್ಳುತ್ತವೆ. ಮೂಗಿನ ಹೊಳ್ಳೆ ಬಿಟ್ಟು ಉಳಿದ ಮೈಯೆಲ್ಲ ಮುಚ್ಚಿಹೋಗುತ್ತದೆ, ಮುಟ್ಟಿದರೆ ಒಣಗಿ ಗಟ್ಟಿಯಾದ ಕಾಗದದ ಹಾಗೆ ಇರುತ್ತದೆ. ತೊಟ್ಟಿಯಲ್ಲಿ ಹೀಗಾದರೆ ಒಣಗಿದೆ ಅಥವಾ ತಣ್ಣಗಾಗಿದೆ ಅಂತಲೇ ತಿಳಿಯಿರಿ. ಕವಚವನ್ನು ಉಗುರಿನಿಂದ ಕೀಳಬೇಡಿ, ಕೆಳಗಿನ ಹೊಸ ಚರ್ಮ ಹರಿಯುತ್ತದೆ. ಮೊದಲು ತಾಪಮಾನ ಸರಿಮಾಡಿ. ಆಮೇಲೆ ಮೂಗಿಗೆ ನೀರು ಹೋಗದಷ್ಟು ಉಗುರುಬೆಚ್ಚನೆ ನೀರಲ್ಲಿ ದಿನಕ್ಕೆ ಅರ್ಧ ಗಂಟೆ ಕೂರಿಸಿ. ಮೆತ್ತಗಾದ ಮೇಲೆ ತಾನೇ ಕಳಚಿ ತಿನ್ನುತ್ತದೆ.

ಈ ಜಾತಿಯ ಕಪ್ಪೆಗಳು ಕೂತಲ್ಲೇ ಕೂರುವವು, ಹಾಗಾಗಿ ನಿದ್ದೆ, ಕಾಯಿಲೆ ಬೇರೆ ಮಾಡುವುದು ಕಷ್ಟ. ತೂಕ ಇಳಿಯುತ್ತಿದ್ದರೆ, ಬೆಚ್ಚಗೆ ಒದ್ದೆಯಾಗಿ ಇಟ್ಟರೂ ವಾರದಲ್ಲಿ ಚುರುಕಾಗದಿದ್ದರೆ ಅದು ನಿದ್ದೆಯಲ್ಲ. ಆಗ ಕಪ್ಪೆ, ಉಭಯವಾಸಿಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರ ಹತ್ತಿರ ಒಯ್ಯಿರಿ. ಒಯ್ಯುವಾಗ ತೂತಿರುವ ಡಬ್ಬದಲ್ಲಿ ಒದ್ದೆ ಪಾಚಿ ಹಾಕಿ, ಬಿಸಿಲು ಬೀಳದ ಹಾಗೆ ಮುಚ್ಚಿಕೊಂಡು ಹೋಗಿ. ತೂಕ ಬರೆದಿಟ್ಟ ಹಾಳೆ, ಹೊಸ ಹಿಕ್ಕೆ ಸ್ವಲ್ಪ, ತೊಟ್ಟಿಯ ನೀರು ಒಂದು ಸಣ್ಣ ಬಾಟಲಿ ಜೊತೆಗಿರಲಿ.